ಮೋಡ ಕಟ್ಟುವ ಮೊದಲೇ: ಮನೆಮಂದಿ ದುಡಿಯುವ ಜಮೀನಿನ ಒಂದು ವರ್ಷ

ಒಂದು ವರ್ಷ ಮೊದಲ ಮಳೆ ಸಂಜೆ ಆರು ಗಂಟೆಗೆ ಬಂತು. ಮಾಡಿನ ನೀರು ಇಳಿಯುವ ದೋಣಿಯ ತುಂಬ ಒಣ ಎಲೆ. ಸೌದೆ ಅಂಗಳದಲ್ಲೇ ಬಿದ್ದಿತ್ತು. ಕೊಟ್ಟಿಗೆಗೆ ಹೊದಿಸಲೆಂದು ಎತ್ತಿಟ್ಟಿದ್ದ ಟಾರ್ಪಾಲಿನ್ ಬಿಡಿಸಿದರೆ ಇಲಿ ಕಡಿದು ಜರಡಿಯಾಗಿತ್ತು. ಅರ್ಧ ಗಂಟೆಯೊಳಗೆ ಮನೆಯವರೆಲ್ಲ ತೊಯ್ದು ತೊಪ್ಪೆಯಾಗಿ, ಒಬ್ಬರ ಮೇಲೊಬ್ಬರು ರೇಗಿ, ಹಸುಗಳನ್ನೂ ಬೆದರಿಸಿ, ಕೊನೆಗೆ ಜಗಲಿಯಲ್ಲಿ ಮಾತಿಲ್ಲದೆ ಕುಳಿತೆವು. ಆ ಮೂರೂ ಕೆಲಸಗಳನ್ನು ಮೂರು ವಾರ ಮೊದಲೇ, ಬಿಡುವಾಗಿದ್ದ ಯಾವುದೋ ಮಧ್ಯಾಹ್ನ ಮಾಡಿ ಮುಗಿಸಬಹುದಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ: ಒಂದು ಕಾಲದ ಕೆಲಸ ಅದರ ಹಿಂದಿನ ಕಾಲದಲ್ಲೇ ಮುಗಿಯಬೇಕು. ಮೊದಲ ಮಳೆಯನ್ನು ಕುಳಿತು ನೋಡಬೇಕೆಂಬ ಆಸೆಯೇ ಇದರ ಹಿಂದಿರುವುದು, ದೊಡ್ಡ ತತ್ವವೇನಿಲ್ಲ. ಕೆಲವು ಎಕರೆ ನೆಲ, ನಾಲ್ಕಾರು ದನ, ಒಂದಷ್ಟು ಕೋಳಿ, ಒಂದು ಕೈತೋಟ ಇಟ್ಟುಕೊಂಡು ಮನೆಯವರೇ ದುಡಿಯುವವರಿಗಾಗಿ ಈ ಕ್ರಮವನ್ನು ಬರೆಯುತ್ತಿದ್ದೇನೆ. ತಿಂಗಳುಗಳ ಹೆಸರು ಹಾಕಿಲ್ಲ. ಮಳೆ ಯಾವಾಗ, ಚಳಿ ಯಾವಾಗ ಎಂಬುದನ್ನು ನಿಮ್ಮ ನೆಲಕ್ಕೆ ತಕ್ಕಂತೆ ಕೂಡಿಸಿಕೊಳ್ಳಿ.

ಮೊದಲ ಹೆಜ್ಜೆ: ಬರಿಗೈಯಲ್ಲಿ ಒಂದು ಸುತ್ತು

ಸಂಜೆ ಹಾಲು ಕರೆಯುವುದಕ್ಕೆ ಅರ್ಧ ಗಂಟೆ ಮುಂಚೆ ಜಮೀನನ್ನು ಒಮ್ಮೆ ಸುತ್ತಿ ಬನ್ನಿ. ಕೈಯಲ್ಲಿ ಯಾವ ಹತಾರವೂ ಇರಬಾರದು. ಕುಡುಗೋಲು ಹಿಡಿದು ಹೊರಟರೆ ಮೊದಲ ಬದುವಿನ ಹುಲ್ಲು ಕಂಡು ಅಲ್ಲೇ ಬಗ್ಗುತ್ತೀರಿ, ಉಳಿದ ಮೂರು ಮೂಲೆ ತಲುಪುವಷ್ಟರಲ್ಲಿ ಕತ್ತಲಾಗಿರುತ್ತದೆ. ಜೇಬಿನಲ್ಲಿ ಸಣ್ಣ ಪುಸ್ತಕ ಮತ್ತು ಪೆನ್ಸಿಲ್ ಇದ್ದರೆ ಸಾಕು. ಪೆನ್ನು ಬೇಡ, ಶಾಯಿ ನೀರಿಗೆ ಕಲಸಿಹೋಗುತ್ತದೆ.

ಬೇಲಿ ಎಲ್ಲಿ ಸಡಿಲಾಗಿದೆ, ನೀರು ಎಲ್ಲಿ ಜಿನುಗುತ್ತಿದೆ, ಯಾವ ಹಸು ಮೇವು ಬಿಟ್ಟು ದೂರ ನಿಂತಿದೆ, ಸಗಣಿ ಹದವಾಗಿದೆಯೋ ನೀರಾಗಿದೆಯೋ, ಕೋಳಿಗಳ ಲೆಕ್ಕ ಸರಿಯಿದೆಯೋ, ಇಷ್ಟು ನೋಡಿ. ಜೊತೆಗೆ ಕೆಲಸಕ್ಕೆ ಸಂಬಂಧವಿಲ್ಲದ ಒಂದು ಸಾಲನ್ನೂ ಬರೆಯಿರಿ. ಯಾವ ಮರ ಮೊದಲು ಹೂ ಬಿಟ್ಟಿತು, ಜೇನಿನ ಹಿಂಡು ಯಾವ ಕಡೆ ಹಾರಿತು, ಕಪ್ಪೆ ಯಾವ ರಾತ್ರಿ ಕೂಗಲು ಶುರು ಮಾಡಿತು. ಮೂರು ನಾಲ್ಕು ವರ್ಷಗಳ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇಂಥ ಸಾಲುಗಳೇ. ನಮ್ಮ ಬೇಲಿಯ ಬಳ್ಳಿಯೊಂದು ಹೂ ಬಿಟ್ಟ ಎರಡು ವಾರಕ್ಕೆ ಹೀರೆ ಚಪ್ಪರಕ್ಕೆ ಹುಳು ಬೀಳುತ್ತದೆ ಎಂಬುದು ಹಾಗೆಯೇ ತಿಳಿದದ್ದು.

ಮಳೆ ಅಳೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಕೊಡಿ. ಗೋಡೆ ನೇರವಾಗಿರುವ ಒಂದು ಡಬ್ಬಿಯನ್ನು ಮರ ಮತ್ತು ಮಾಡಿನಿಂದ ದೂರ, ಬಯಲಲ್ಲಿ ಅಲುಗದಂತೆ ಇಟ್ಟರೆ ಮಳೆಮಾಪಕ ಆಯಿತು. ಬೆಳಗ್ಗೆ ಪಟ್ಟಿ ಇಳಿಸಿ ಎಷ್ಟು ಮಿಲಿಮೀಟರ್ ಎಂದು ಬರೆದು ಚೆಲ್ಲಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ 20 ಮಿಲಿಮೀಟರ್ ಬಿದ್ದರೆ 2,000 ಲೀಟರ್. ಈ ಲೆಕ್ಕ ತಿಳಿದ ದಿನ ಎಂಟು ವರ್ಷದ ನನ್ನ ಮಗಳು ದೋಣಿಯ ಕಸ ತೆಗೆಯಲು ತಾನೇ ಏಣಿ ಹಿಡಿದುಕೊಳ್ಳಲು ಬಂದಳು. ಅದಕ್ಕೆ ಮುಂಚೆ ನಾನು ಹತ್ತು ಸಲ ಕರೆದಿದ್ದೆ.

ಎರಡನೆಯ ಹೆಜ್ಜೆ: ಒಣ ದಿನಗಳಲ್ಲಿ ಮಳೆಯ ಕೆಲಸ

ನೀರು ಇಳಿಯುವ ಕ್ರಮದಲ್ಲೇ ಕೆಲಸ ಹಿಡಿಯಿರಿ: ಮೊದಲು ಮಾಡು, ಆಮೇಲೆ ದೋಣಿ, ಅಂಗಳದ ಕಾಲುವೆ, ಹೊಲದ ಬಸಿಗಾಲುವೆ, ಕೊನೆಗೆ ಬದು. ಕೆಳಗಿನಿಂದ ಮೇಲಕ್ಕೆ ಹೋದರೆ ತೆಗೆದ ಕಾಲುವೆಗೇ ಮತ್ತೆ ಕಸ ಬಂದು ಕೂರುತ್ತದೆ. ಮಳೆನೀರನ್ನು ತೊಟ್ಟಿಗೆ ಹಿಡಿಯುವವರು ಮೊದಲ ಮಳೆಯ ನೀರನ್ನು ಹೊರಗೆ ಬಿಡುವಂತೆ ಕೊಳವೆಯಲ್ಲಿ ಒಂದು ದಾರಿ ಇಟ್ಟುಕೊಳ್ಳಬೇಕು, ಏಕೆಂದರೆ ತಿಂಗಳುಗಟ್ಟಲೆ ಕೂತ ಧೂಳು ಮತ್ತು ಹಕ್ಕಿಗಳ ಹಿಕ್ಕೆ ಎಲ್ಲ ಆ ನೀರಿನಲ್ಲೇ ಇಳಿಯುತ್ತದೆ. ಪಂಪಿನ ತಂತಿ, ಸ್ವಿಚ್ಚು, ಅರ್ಥಿಂಗ್ ಇವುಗಳನ್ನು ಬಲ್ಲವರಿಂದ ಈಗಲೇ ನೋಡಿಸಿ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವ ಸ್ಥಿತಿ ಬರಲೇಬಾರದು.

ಮಣ್ಣಿನ ಪರೀಕ್ಷೆಗೂ ಇದೇ ಸಮಯ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಹದಿನೈದು ಕಡೆ 15 ಸೆಂಟಿಮೀಟರ್ ಆಳದವರೆಗೆ ಗುಂಡಿ ತೋಡಿ, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೂ ಒಂದೇ ದಪ್ಪದ ಮಣ್ಣನ್ನು ಕೆರೆದುಕೊಳ್ಳಿ. ಎಲ್ಲವನ್ನೂ ಕಲಸಿ, ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ ನೆರಳಿನಲ್ಲಿ ಒಣಗಿಸಿ ಕಳಿಸಿ. ಮರದ ಬುಡ, ಗೊಬ್ಬರ ಸುರಿದ ಜಾಗ, ಬದುವಿನ ಅಂಚು ಬೇಡ. ನಾನೊಮ್ಮೆ ಸೋಮಾರಿತನದಿಂದ ಮನೆಯ ಹತ್ತಿರದ ಒಂದೇ ಮೂಲೆಯ ಮಣ್ಣು ಕಳಿಸಿದ್ದೆ. ವರದಿಯಲ್ಲಿ ಬಂದದ್ದು ಹಳೆಯ ತಿಪ್ಪೆಯ ಸತ್ವ.

ಬೀಜದ ಪರೀಕ್ಷೆ ಇನ್ನೂ ಸುಲಭ, ಆದರೂ ಹೆಚ್ಚಿನವರು ಬಿಡುವುದು ಇದನ್ನೇ. ಆರಿಸದೆ 100 ಬೀಜ ಎಣಿಸಿ, ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗದಂತೆ ನೋಡಿಕೊಂಡು ಒಂದು ವಾರದ ಬಳಿಕ ಮೊಳಕೆ ಎಣಿಸಿ. 90 ಮೊಳೆತರೆ ನಿಶ್ಚಿಂತೆ. 60 ಮಾತ್ರ ಮೊಳೆತರೆ 10 ಕಿಲೋ ಬೇಕಾದಲ್ಲಿ 15 ಕಿಲೋ ಬಿತ್ತಬೇಕು, ಇಲ್ಲವೇ ಬೇರೆ ಬೀಜ ಹುಡುಕಬೇಕು. ಹುಡುಕಲು ಸಮಯ ಇರುವುದು ಈಗ ಮಾತ್ರ.

ಹತಾರಗಳ ಬಗ್ಗೆ ಎರಡೇ ಮಾತು. ತೊಳೆದು, ಒಣಗಿಸಿ, ಕಬ್ಬಿಣಕ್ಕೂ ಮರದ ಹಿಡಿಗೂ ಎಣ್ಣೆ ಸವರಿ. ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು, ಮರದೊಳಗೆ ಇಳಿದು ಗಟ್ಟಿಯಾಗುತ್ತದೆ. ಕುಡುಗೋಲು ಮಸೆಯುವವರು ಗುದ್ದಲಿಯನ್ನು ಮರೆಯುತ್ತಾರೆ. ಅರ ಹಾಕಿ ಬಾಯಿ ಹರಿತ ಮಾಡಿದ ಗುದ್ದಲಿಯಲ್ಲಿ ಒಂದು ದಿನ ಅಗೆದವರು ಮೊಂಡು ಗುದ್ದಲಿಗೆ ಮರಳುವುದಿಲ್ಲ.

ಮೂರನೆಯ ಹೆಜ್ಜೆ: ಹದ ಕಾಯುವುದು

ಮಳೆ ಬಂದ ಮೇಲಿನ ಮೊದಲ ಕೆಲಸ ಕಾಯುವುದು. ನೆರೆಯವರ ಹೊಲದಲ್ಲಿ ನೇಗಿಲು ಇಳಿದಾಗ ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ ಎಂದು ಬಲ್ಲೆ. ಒಂದು ಹಿಡಿ ಮಣ್ಣನ್ನು ಬೆರಳುದ್ದ ಆಳದಿಂದ ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗದಿದ್ದರೆ ತೇವ ಸಾಲದು. ಉಂಡೆಯಾಗಿ, ಹೆಬ್ಬೆರಳಿನಿಂದ ಚುಚ್ಚಿದರೆ ಪುಡಿಯಾದರೆ ಹದ ಬಂದಿದೆ. ಚುಚ್ಚಿದರೂ ಒಡೆಯದೆ ಜಿಗಿಯಾಗಿ ಅಂಟಿಕೊಂಡರೆ ಇನ್ನೂ ಒಂದೆರಡು ದಿನ ಬಿಡಿ. ಹಸಿ ಮಣ್ಣಿನ ಮೇಲೆ ಟ್ರ್ಯಾಕ್ಟರ್ ಅಥವಾ ದನ ಓಡಾಡಿದರೆ ಮಣ್ಣಿನೊಳಗಿನ ಗಾಳಿಯ ಸಂದುಗಳು ಮುಚ್ಚಿಹೋಗಿ, ಬೇರು ಇಳಿಯದ ಗಟ್ಟಿ ಪದರ ಉಳಿಯುತ್ತದೆ. ಎರಡು ದಿನದ ಆತುರದ ಪೆಟ್ಟು ವರ್ಷಗಟ್ಟಲೆ ಕಾಡಬಹುದು.

ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಳೆಯ ವಿಷಯದಲ್ಲಿ ಮೊದಲ ಆರು ವಾರ ಕಣ್ಣಿಡಿ. ಬೆಳೆಗೂ ಕಳೆಗೂ ನಿಜವಾದ ಪೈಪೋಟಿ ಆಗ. ಕಳೆ ದಾರದಷ್ಟು ಎಳೆಯದಾಗಿರುವಾಗ, ಬಿಸಿಲು ಏರುವ ಬೆಳಗಿನಲ್ಲಿ ಮೇಲ್ಮೇಲೆ ಕೆರೆದು ಬಿಟ್ಟರೆ ಸಂಜೆಯೊಳಗೆ ಅಲ್ಲೇ ಒಣಗುತ್ತದೆ. ಮೊಣಕಾಲುದ್ದ ಬೆಳೆದ ಮೇಲೆ ಅದೇ ಸಾಲಿಗೆ ಇಡೀ ದಿನ ಬೇಕು, ಸೊಂಟದ ನೋವು ಬೇರೆ.

ಮಳೆಗಾಲದಲ್ಲಿ ಜೀವಕ್ಕೆ ಅಪಾಯವಿರುವ ಎರಡು ಸಂಗತಿಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಳಸದ ಬಾವಿಗೂ ಮುಚ್ಚಿದ ಗೊಬ್ಬರದ ಗುಂಡಿಗೂ ಯಾರೂ ಏಕಾಏಕಿ ಇಳಿಯಬಾರದು. ಒಳಗೆ ಆಮ್ಲಜನಕ ಕಡಿಮೆಯಿರಬಹುದು, ಸಗಣಿ ಕೊಳೆತ ಗುಂಡಿಯಲ್ಲಿ ವಿಷಗಾಳಿಯೂ ಇರಬಹುದು. ಮೊದಲು ಇಳಿದವನು ಬಿದ್ದನೆಂದು ಎತ್ತಲು ಇಳಿದವನೂ ಸಾಯುವುದು ಇಂಥ ಕಡೆಯೇ. ದೀಪ ಇಳಿಸಿ ನೋಡುವ ಹಳೆಯ ಉಪಾಯವನ್ನು ನಂಬಬೇಡಿ, ಕೆಲವು ವಿಷಗಾಳಿಗಳು ದೀಪವನ್ನು ಆರಿಸುವುದಿಲ್ಲ. ಎರಡನೆಯದು ಇಲಿಜ್ವರ. ಇಲಿ ಮತ್ತು ಇತರ ಪ್ರಾಣಿಗಳ ಮೂತ್ರ ಸೇರಿದ ಕೆಸರು ನೀರಿನಿಂದ, ಕಾಲಿನ ಗಾಯದ ಮೂಲಕ ಸೋಂಕು ಒಳಗೆ ಹೋಗುತ್ತದೆ. ಗಾಯವಿದ್ದರೆ ಬೂಟು ಹಾಕದೆ ಕೆಸರಿಗೆ ಇಳಿಯಬೇಡಿ.

ಈ ಕಾಲದ ಸಣ್ಣ ಸುಖ ಎರೆಹುಳುವಿನ ಲೆಕ್ಕ. ನೆಲ ತೇವವಾಗಿರುವಾಗ ಗುದ್ದಲಿಯಗಲದ, ಒಂದು ಗೇಣು ಆಳದ ಮಣ್ಣಿನ ಹೆಂಟೆಯನ್ನು ಎತ್ತಿ ಹಾಳೆಯ ಮೇಲೆ ಒಡೆದು ಎಣಿಸಿ. ಹತ್ತಕ್ಕಿಂತ ಹೆಚ್ಚು ಸಿಕ್ಕರೆ ನಿಮ್ಮ ನೆಲ ಚೆನ್ನಾಗಿ ಉಸಿರಾಡುತ್ತಿದೆ. ಎಣಿಸಿದವರು ಮತ್ತೆ ಮಣ್ಣಿಗೇ ಬಿಡಬೇಕು. ನಮ್ಮಲ್ಲಿ ಕೋಳಿಗಳು ಈ ಲೆಕ್ಕವನ್ನು ಎರಡು ಸಲ ಕೆಡಿಸಿವೆ.

ನಾಲ್ಕನೆಯ ಹೆಜ್ಜೆ: ಕೊಯ್ಲಿಗೆ ಮುಂಚೆ ಬೀಜದ ಗಿಡ

ಕೊಯ್ಲಿಗೆ ಎರಡು ವಾರ ಮುಂಚೆ ಬಣ್ಣದ ಬಟ್ಟೆಯ ಚೂರುಗಳನ್ನು ಹಿಡಿದು ಹೊಲಕ್ಕೆ ಹೋಗಿ. ರೋಗವಿಲ್ಲದ, ನೆಟ್ಟಗೆ ನಿಂತ, ಬರಗಾಲದ ವಾರವನ್ನೂ ತಡೆದುಕೊಂಡ ಗಿಡಗಳಿಗೆ ಕಟ್ಟಿ ಬನ್ನಿ. ಮುಂದಿನ ವರ್ಷದ ಬೀಜ ಅಲ್ಲಿಂದ. ಕಣದಲ್ಲಿ ರಾಶಿಯಾದ ಮೇಲೆ ಆರಿಸಿದರೆ ಕಾಳಿನ ಗಾತ್ರ ಕಾಣುತ್ತದೆ, ಗಿಡದ ಗುಣ ಕಾಣುವುದಿಲ್ಲ. ಇಷ್ಟಾಗಿ, ಹೈಬ್ರಿಡ್ ತಳಿಯ ಬೀಜ ಎತ್ತಿಡಬೇಡಿ, ಅದರ ಮರುಬೆಳೆ ತಾಯಿಯಂತೆ ಬರುವುದಿಲ್ಲ.

ಟೊಮೆಟೊ ಹೆಚ್ಚಾಗಿ ತನ್ನ ಹೂವಿನೊಳಗೇ ಪರಾಗ ಕೂಡಿಸಿಕೊಳ್ಳುತ್ತದೆ, ಬೀಜ ಎತ್ತುವುದು ಸುಲಭ. ತಿರುಳನ್ನು ಬೀಜದ ಸಮೇತ ಎರಡು ಮೂರು ದಿನ ಹುಳಿಯಲು ಬಿಟ್ಟರೆ ಬೀಜಕ್ಕಂಟಿದ ಲೋಳೆ ಕರಗುತ್ತದೆ. ತಳಕ್ಕೆ ಕೂತದ್ದನ್ನು ತೊಳೆದು ಒಣಗಿಸಿ. ಕುಂಬಳ ಹಾಗಲ್ಲ. ಜೇನು ಯಾವ ಹೂವಿನಿಂದ ಯಾವ ಹೂವಿಗೆ ಹೋಯಿತೆಂದು ಕೇಳುವವರಾರು? ಎರಡು ಬಗೆಯ ಕುಂಬಳವನ್ನು ಪಕ್ಕಪಕ್ಕ ಬೆಳೆದು ನಾನು ಹೆಮ್ಮೆಯಿಂದ ಎತ್ತಿಟ್ಟ ಬೀಜದಲ್ಲಿ ಮರುವರ್ಷ ಬಂದ ಕಾಯಿ ಅವೆರಡರಲ್ಲಿ ಯಾವುದನ್ನೂ ಹೋಲದ, ಚಪ್ಪೆಯಾದ ಮೂರನೆಯದು. ಈಗ ಮಾಡುವುದು ಹೀಗೆ: ನಾಳೆ ಅರಳಲಿರುವ ಹೆಣ್ಣು ಮೊಗ್ಗನ್ನು (ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ) ಮತ್ತು ಅದೇ ತಳಿಯ ಬೇರೊಂದು ಗಿಡದ ಗಂಡು ಮೊಗ್ಗನ್ನು ಹಿಂದಿನ ಸಂಜೆಯೇ ದಾರದಿಂದ ಮೆಲ್ಲಗೆ ಕಟ್ಟಿಡುವುದು. ಬೆಳಗ್ಗೆ ಜೇನು ಏಳುವ ಹೊತ್ತಿಗೆ ಗಂಡು ಹೂ ಕಿತ್ತು, ಎಸಳು ಸುಲಿದು, ಪರಾಗವನ್ನು ಹೆಣ್ಣು ಹೂವಿನ ನಡುವೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟುವುದು. ಕಾಯಿಯ ತೊಟ್ಟಿಗೆ ಗುರುತು. ಇಬ್ಬನಿಯಲ್ಲಿ ಕಾಲು ತೊಯ್ಯಿಸಿಕೊಂಡು, ಹಳದಿ ಹೂವಿನೊಳಗೆ ಬಗ್ಗಿ ನೋಡುವ ಆ ಹತ್ತು ನಿಮಿಷ ನನಗೆ ಇಡೀ ಹಂಗಾಮಿನಲ್ಲೇ ಅಚ್ಚುಮೆಚ್ಚು.

ಕಾಳನ್ನು ಕಣಜಕ್ಕೆ ಹಾಕುವ ಮುಂಚೆ ಉಪ್ಪಿನ ಪರೀಕ್ಷೆ ಮಾಡಿ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು, ಅದಕ್ಕೆ ಎರಡು ಮೂರು ಚಮಚ ಒಣ ಪುಡಿ ಉಪ್ಪು. ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದ್ದರೆ ತೇವಾಂಶ ಶೇಕಡಾ 15ಕ್ಕಿಂತ ಹೆಚ್ಚಿದೆ ಎಂದು ಅರ್ಥ, ಮತ್ತೆ ಬಿಸಿಲಿಗೆ ಹರಡಿ. ಅಂಟದಿದ್ದರೂ ಒಂದು ದಿನ ಹೆಚ್ಚೇ ಒಣಗಿಸುವುದು ಜಾಣತನ, ಏಕೆಂದರೆ ತಿಂಗಳುಗಟ್ಟಲೆ ಇಡುವ ಧಾನ್ಯದ ತೇವಾಂಶ ಶೇಕಡಾ 12ರಿಂದ 13ರ ಆಸುಪಾಸಿಗೆ ಇಳಿದಿರಬೇಕು. ಬಿತ್ತನೆ ಬೀಜಕ್ಕೆ ಇದು ಇನ್ನೂ ಮುಖ್ಯ. ತೇವಾಂಶ ಶೇಕಡಾ 1ರಷ್ಟು ಇಳಿದರೆ ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ಕಾಪಿಡುವವರ ರೂಢಿಯ ಲೆಕ್ಕ. ಬಿಸಿಲಲ್ಲಿ ಒಣಗಿದ ಕಾಳನ್ನು ತಣ್ಣಗಾದ ಮೇಲೆಯೇ ತುಂಬಿ, ಬಿಸಿಯಾಗಿ ತುಂಬಿದರೆ ಒಳಗೆ ಬೆವರುತ್ತದೆ.

ಹುಲ್ಲಿನ ಬಣವೆಗೂ ಇದೇ ಮಾತು, ಇಲ್ಲಿ ಅಪಾಯ ಹೆಚ್ಚು. ಹಸಿ ಉಳಿದ ಹುಲ್ಲನ್ನು ಒಟ್ಟಿದರೆ ಒಳಗೆ ಸೂಕ್ಷ್ಮಜೀವಿಗಳ ಕೆಲಸದಿಂದ ಕಾವೇರಿ, ತಾನಾಗಿಯೇ ಬೆಂಕಿ ಹತ್ತಬಹುದು. ಮೊದಲ ಕೆಲವು ವಾರ ಕಬ್ಬಿಣದ ಸಲಾಕೆಯೊಂದನ್ನು ಬಣವೆಯ ಹೊಟ್ಟೆಗೆ ಚುಚ್ಚಿಟ್ಟು, ದಿನಕ್ಕೊಮ್ಮೆ ಎಳೆದು ಮುಟ್ಟಿ ನೋಡಿ. ಹಿಡಿಯಲಾರದಷ್ಟು ಬಿಸಿಯಾಗಿದ್ದರೆ ಅಗ್ನಿಶಾಮಕದವರಿಗೆ ತಿಳಿಸದೆ ಬಣವೆ ಕೆದಕಬೇಡಿ, ಗಾಳಿ ಸಿಕ್ಕೊಡನೆ ಭಗ್ಗೆನ್ನಬಹುದು.

ಐದನೆಯ ಹೆಜ್ಜೆ: ಚಳಿಯಲ್ಲಿ ಕಾವು

ಚಳಿ ದಿನಗಳಲ್ಲಿ ನಮ್ಮ ಕೆಲಸವೆಲ್ಲ ಬೆಚ್ಚಗಿನದು: ಗೊಬ್ಬರ, ಮರಿ, ಕರು.

ಗೊಬ್ಬರದ ರಾಶಿ ಒಂದು ಮೀಟರ್ ಉದ್ದ, ಅಗಲ, ಎತ್ತರಕ್ಕಿಂತ ಚಿಕ್ಕದಿದ್ದರೆ ಕಾವು ನಿಲ್ಲುವುದಿಲ್ಲ. ಒಣ ಎಲೆ, ಹುಲ್ಲು ಎರಡು ಮೂರು ಪಾಲು, ಹಸಿರು ಸೊಪ್ಪು ಮತ್ತು ಸಗಣಿ ಒಂದು ಪಾಲು. ತೇವ ಹಿಂಡಿದ ಬಟ್ಟೆಯಷ್ಟಿರಬೇಕು. ಕೆಲವೇ ದಿನಗಳಲ್ಲಿ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಏರಿದರೆ ಹೆಚ್ಚಿನ ಕಳೆಬೀಜಗಳೂ ರೋಗಾಣುಗಳೂ ಸಾಯುತ್ತವೆ. ಕಾವು ಇಳಿದಾಗ ಹೊರಗಿನದ್ದು ಒಳಗೆ ಬರುವಂತೆ ಮಗುಚಿ. ಮೂಗಿಗೆ ಚುರುಕ್ಕೆನ್ನುವ ಅಮೋನಿಯಾ ವಾಸನೆ ಬಂದರೆ ಒಣ ಎಲೆ ಸೇರಿಸಿ. ಕೊಳೆತ ವಾಸನೆಯಾದರೆ ಗಾಳಿ ಸಾಲದು. ನಸುಕಿನ ಚಳಿಯಲ್ಲಿ ರಾಶಿ ಮಗುಚುವಾಗ ಏಳುವ ಹಬೆಗೆ ಕೈ ಕಾಯಿಸಿಕೊಳ್ಳಲು ನಮ್ಮ ಮನೆಯಲ್ಲಿ ಜಗಳವೇ ಆಗುತ್ತದೆ.

ಕೋಳಿಯನ್ನು ಕಾವಿಗೆ ಕೂರಿಸುವಾಗ ವಾರಕ್ಕಿಂತ ಹಳೆಯ ಮೊಟ್ಟೆ ಬೇಡ. ಏಳನೆಯ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಇಟ್ಟು ನೋಡಿ. ಜೇಡರ ಬಲೆಯಂತೆ ಕೆಂಪು ನರಗಳು ಕಂಡರೆ ಜೀವವಿದೆ, ಏನೂ ಕಾಣದೆ ತಿಳಿಯಾಗಿದ್ದರೆ ತೆಗೆಯಬಹುದು. ಕೋಳಿಮರಿಗೆ 21 ದಿನ, ಬಾತಿನ ಮರಿಗೆ ಸುಮಾರು 28. ಮರಿ ಹೊರಬರುವ ಹಿಂದಿನ ದಿನ ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದರೆ ಒಳಗಿನಿಂದ ಚಿಂವ್ ಎನ್ನುವುದು ಕೇಳಿಸುತ್ತದೆ. ಮಕ್ಕಳಿಗೆ ಒಮ್ಮೆ ಕೇಳಿಸಿ. ಆದರೆ ಚಿಪ್ಪು ಒಡೆಯಲು ಸಹಾಯ ಮಾಡುತ್ತೇವೆಂದರೆ ಬಿಡಬೇಡಿ, ಅವಸರದಲ್ಲಿ ಸುಲಿದರೆ ಒಳಪೊರೆಯ ರಕ್ತನಾಳ ಹರಿಯುತ್ತದೆ.

ಹಸು ಗಬ್ಬವಾದ ದಿನವನ್ನು ಪುಸ್ತಕದಲ್ಲಿ ಬರೆದಿದ್ದರೆ ಅಲ್ಲಿಂದ ಸುಮಾರು 280 ದಿನ ಎಣಿಸಿ. ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ ಕೆಚ್ಚಲಿಗೆ ಬಿಡುವು ಕೊಡಬೇಕು. ಕರು ಹಾಕುವಾಗ ಎರಡು ಮುಂಗಾಲು, ಅವುಗಳ ಮೇಲೆ ಮೂತಿ, ಈ ಕ್ರಮದಲ್ಲಿ ಬಂದರೆ ನೀವು ದೂರ ನಿಲ್ಲಿ. ನೀರಿನ ಚೀಲ ಒಡೆದು ಗಂಟೆ ಕಳೆದರೂ ಏನೂ ಮುಂದುವರಿಯದಿದ್ದರೆ, ಅಥವಾ ಒಂದೇ ಕಾಲೋ ಬಾಲವೋ ಕಂಡರೆ ಪಶುವೈದ್ಯರನ್ನು ಕರೆಯಿರಿ. ಅವರ ಫೋನ್ ಸಂಖ್ಯೆ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿರಲಿ, ಮಧ್ಯರಾತ್ರಿ ಹುಡುಕುವಂತಾಗಬಾರದು. ಕರುವಿನ ಮೂಗಿನ ಲೋಳೆ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ. ಗಿಣ್ಣುಹಾಲು ಎರಡು ಗಂಟೆಯೊಳಗೆ ಹೊಟ್ಟೆಗಿಳಿಯಬೇಕು. 30 ಕಿಲೋ ತೂಗುವ ಕರುವಿಗೆ ಮೊದಲ 12 ಗಂಟೆಗಳಲ್ಲಿ ಒಟ್ಟು 3 ಲೀಟರಿನಷ್ಟು. ರೋಗ ತಡೆಯುವ ಅಂಶವನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ಅದೂ ಗಂಟೆ ಗಂಟೆಗೂ ಕಡಿಮೆಯಾಗುತ್ತ ಹೋಗುತ್ತದೆ. ಮಾಸು 12 ಗಂಟೆಯಾದರೂ ಬೀಳದಿದ್ದರೆ ಕೈಯಿಂದ ಎಳೆಯದೆ ವೈದ್ಯರಿಗೆ ತಿಳಿಸಿ. ಇಷ್ಟೆಲ್ಲ ಮುಗಿದ ಮೇಲೆ ಬೆಳಕು ಕಡಿಮೆ ಮಾಡಿ ಹೊರಗೆ ಬನ್ನಿ. ತಾಯಿ ಕರುವನ್ನು ನೆಕ್ಕುತ್ತ ಗಂಟಲಲ್ಲೇ ಗುನುಗುವ ಸಣ್ಣ ಸದ್ದೊಂದಿದೆ. ಬೇರೆ ಯಾವ ಹೊತ್ತಿನಲ್ಲೂ ಅದು ಕೇಳಿಸುವುದಿಲ್ಲ.

ಆರನೆಯ ಹೆಜ್ಜೆ: ಬೇಸಿಗೆಯಲ್ಲಿ ಊರಿಗೆ ಹೋಗಿ ಬರುವುದು

ಬೇಸಿಗೆಯ ಕೆಲಸ ಚುಟುಕು: ನೀರು, ನೆರಳು, ಮುಚ್ಚಿಗೆ. ಹಾಲು ಕೊಡುವ ಹಸುವಿಗೆ ಪ್ರತಿ ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರ್ ನೀರು ಬೇಕಾಗುತ್ತದೆ. ಆದ್ದರಿಂದ ಬಾನಿ ಯಾವಾಗಲೂ ತುಂಬಿರಲಿ, ನೆರಳಿನಲ್ಲಿರಲಿ, ವಾರಕ್ಕೊಮ್ಮೆ ಪಾಚಿ ಉಜ್ಜಿ. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹಾಸಿ, ಕಾಂಡಕ್ಕೆ ತಾಗದಂತೆ.

ಉಳಿದ ಸಮಯದಲ್ಲಿ ಒಂದು ‘ಬದಲಿ ಹಾಳೆ’ ಬರೆಯಿರಿ. ನೀವು ಎರಡು ದಿನ ಇಲ್ಲದಿದ್ದರೆ ನೆರೆಯವರು ಅದನ್ನು ಓದಿಯೇ ಕೆಲಸ ನಡೆಸುವಂತಿರಬೇಕು: ಹಾಲು ಕರೆಯುವ ಹೊತ್ತು, ಯಾವ ಹಸುವಿಗೆ ಎಷ್ಟು ಮೇವು, ಕೋಳಿಗಳ ಎಣಿಕೆ, ಪಂಪಿನ ಯಾವ ಗೇಟು ತೆರೆಯಬೇಕು, ಒದೆಯುವ ಹಸು ಯಾವುದು, ವೈದ್ಯರ ಸಂಖ್ಯೆ. ಇದಿಲ್ಲದ ಮನೆಗಳಲ್ಲಿ ಯಾರಾದರೊಬ್ಬರು ಪ್ರತಿ ಮದುವೆಗೂ ತಪ್ಪಿಸಿಕೊಳ್ಳುತ್ತಲೇ ಇರುತ್ತಾರೆ. ನಮ್ಮಲ್ಲಿ ಅದು ಹನ್ನೊಂದು ವರ್ಷ ಅಮ್ಮನ ಪಾಲಿಗೆ ಬಂದಿತ್ತು, ನಾವು ಯಾರೂ ಗಮನಿಸಿರಲಿಲ್ಲ.

ಹಾಳೆ ಬರೆದ ವರ್ಷ ನಾಲ್ವರೂ ಒಟ್ಟಿಗೆ ಎರಡು ದಿನ ಹೊರಗೆ ಹೋಗಿಬಂದೆವು. ಬಂದು ನೋಡಿದರೆ ದನ ಮೆಲುಕು ಹಾಕುತ್ತಿದ್ದವು, ಕೋಳಿಗಳ ಲೆಕ್ಕ ಸರಿಯಿತ್ತು. ಹಾಳೆಯ ಕೆಳಗೆ ಪಕ್ಕದ ಮನೆಯ ಅಜ್ಜ ಪೆನ್ಸಿಲಿನಲ್ಲಿ ಬರೆದಿದ್ದರು: “ಎಲ್ಲ ಬರೆದಿದ್ದೀರಿ, ದನಗಳ ಹೆಸರು ಬರೆದಿಲ್ಲ. ಏನೆಂದು ಕರೆಯುವುದು? ಎರಡು ದಿನವೂ ಅವು ನನ್ನನ್ನು ನೋಡುತ್ತ ನಿಂತವು, ನಾನು ಅವನ್ನು ನೋಡುತ್ತ ನಿಂತೆ.”